ಶೀತಗಾಳಿಯೋ, ಶೀತ ಅಲೆಯೋ? ಚಳಿಗಾಲದ ಮುನ್ಸೂಚನೆಗಳ ಒಂದು ವಿಮರ್ಶೆ

ಪ್ರತಿವರ್ಷ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ನಮ್ಮ ಪತ್ರಿಕೆಗಳಲ್ಲಿಯೂ ದೃಶ್ಯವಾಹಿನಿಗಳಲ್ಲಿಯೂ ಒಂದು ಬಗೆಯ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕ ನಡುಗಲಿದೆ, ತೀವ್ರ ಶೀತಗಾಳಿ ಬೀಸಲಿದೆ ಎಂಬ ಅರ್ಥದ ತಲೆಬರಹ, ಅದರ ಪಕ್ಕದಲ್ಲಿ ಕಾಶ್ಮೀರದ್ದೋ ಹಿಮಾಚಲ ಪ್ರದೇಶದ್ದೋ ಹಿಮದ ಚಿತ್ರ. ಓದುಗನ ಮನಸ್ಸಿನಲ್ಲಿ ಕೊರೆಯುವ ಚಳಿ, ರಭಸದ ಗಾಳಿ, ಹಿಮ ಈ ಮೂರೂ ಒಟ್ಟಿಗೆ ಕಲೆತುಬಿಡುತ್ತವೆ. ಮೂರೂ ಒಟ್ಟಿಗೆ ಬರುವ ಪ್ರದೇಶಗಳು ಭೂಮಿಯ ಮೇಲಿವೆ. ಗದಗ ತಾಲೂಕಿನ ಹೊಂಬಳ ಅಂಥ ಪ್ರದೇಶವಲ್ಲ. ಆದರೂ ಹೊಂಬಳದ ಶಾಲೆಯ ಹುಡುಗನೊಬ್ಬ ಸುದ್ದಿ ನೋಡಿ, “ಸರ್, ನಮ್ಮೂರಾಗೂ ಹಿಮ ಬೀಳತೈತೇನ್ರಿ?” ಎಂದು ಕೇಳಿದರೆ ಅದು ಮೂರ್ಖ ಪ್ರಶ್ನೆಯಾಗುವುದಿಲ್ಲ. ಅವನು ಓದಿದ ಸುದ್ದಿಯೇ ಹಾಗಿರುತ್ತದೆ.

ಮುನ್ಸೂಚನೆ ಎಂಬುದು ವಿಜ್ಞಾನದ ಹೇಳಿಕೆ. ಬೇರೆ ಯಾವುದೇ ವಿಜ್ಞಾನದ ಹೇಳಿಕೆಯಂತೆ ಅದನ್ನೂ ವಿಮರ್ಶಿಸಬಹುದು, ವಿಮರ್ಶಿಸಬೇಕು. ಅದು ಏನನ್ನು ಹೇಳುತ್ತದೆ? ಅದರ ಪದಗಳು ಭೌತವಿಜ್ಞಾನಕ್ಕೆ ಹೊಂದುತ್ತವೆಯೇ? ಅದರ ಮಾನದಂಡ ನಮ್ಮ ಊರಿಗೆ ಸರಿಯೇ? ಸಮಯ ಕಳೆದ ಮೇಲೆ ಅದು ನಿಜವಾಯಿತೇ ಎಂದು ನೋಡುವ ದಾರಿ ಯಾವುದು? ಈ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡು ಉತ್ತರ ಒಳನಾಡಿನ ಚಳಿಗಾಲದ ಮುನ್ಸೂಚನೆಗಳನ್ನು ಇಲ್ಲಿ ಪರಿಶೀಲಿಸೋಣ.

ಮೂಲದಲ್ಲಿ ಇರುವುದೇನು?

ಮೊದಲಿಗೆ ಒಂದು ನ್ಯಾಯದ ಮಾತು. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಮೂಲ ಪ್ರಕಟಣೆಗಳು ಸಾಮಾನ್ಯವಾಗಿ ಸಂಯಮದ ಬರಹಗಳು. ಅವುಗಳಲ್ಲಿ ಜಿಲ್ಲೆಯ ಹೆಸರು, ದಿನಾಂಕ, ಸಂಭವನೀಯತೆ, ವ್ಯಾಪ್ತಿ ಎಲ್ಲವೂ ಇರುತ್ತವೆ. ಪ್ರತಿ ಪದಕ್ಕೂ ನಿಗದಿಯಾದ ಅರ್ಥವಿದೆ. ಇಲಾಖೆಯ ಪರಿಭಾಷೆಯಲ್ಲಿ ‘ಸಂಭವ’ ಎಂದರೆ ಶೇ. 25ರಿಂದ 50, ‘ಹೆಚ್ಚು ಸಂಭವ’ ಎಂದರೆ ಶೇ. 50ರಿಂದ 75, ‘ಅತಿ ಹೆಚ್ಚು ಸಂಭವ’ ಎಂದರೆ ಶೇ. 75ಕ್ಕಿಂತ ಮೇಲು. ವ್ಯಾಪ್ತಿಗೂ ಹೀಗೆಯೇ ಅಳತೆ ಇದೆ. ‘ಒಂದೆರಡು ಸ್ಥಳಗಳಲ್ಲಿ’ ಎಂದರೆ ಆ ಪ್ರದೇಶದ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಷ್ಟು. ‘ಬಹುತೇಕ ಎಲ್ಲ ಸ್ಥಳಗಳಲ್ಲಿ’ ಎಂದರೆ ಶೇ. 75ಕ್ಕಿಂತ ಹೆಚ್ಚು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಜಿಲ್ಲೆಯ ಒಂದೆರಡು ಸ್ಥಳಗಳಲ್ಲಿ ಶೀತ ಅಲೆ ಉಂಟಾಗುವ ಸಂಭವ ಹೆಚ್ಚು ಎಂದು ಪ್ರಕಟಣೆ ಹೇಳಿದೆ ಎನ್ನಿ. ಸಂಭವನೀಯತೆಯನ್ನು 0.6 ಎಂದೂ ವ್ಯಾಪ್ತಿಯನ್ನು ಅದರ ಗರಿಷ್ಠ ಬೆಲೆಯಾದ 0.25 ಎಂದೂ ಹಿಡಿಯೋಣ. ಜಿಲ್ಲೆಯ ಎಲ್ಲ ಊರುಗಳೂ ಸಮಾನ ಎಂದುಕೊಂಡರೆ, ಗೊತ್ತುಮಾಡಿದ ಒಂದು ಊರಿನಲ್ಲಿ ಅದು ಸಂಭವಿಸುವ ಸಾಧ್ಯತೆ 0.6 × 0.25 = 0.15. ಅಂದರೆ ನೂರಕ್ಕೆ ಹದಿನೈದು. ಇದೇ ಪ್ರಕಟಣೆ ತಲೆಬರಹವಾಗುವ ಹೊತ್ತಿಗೆ ಜಿಲ್ಲೆಯ ಹೆಸರು ಕರಗಿ ‘ಉತ್ತರ ಕರ್ನಾಟಕ’ವಾಗುತ್ತದೆ, ‘ಒಂದೆರಡು ಸ್ಥಳ’ ಬಿದ್ದುಹೋಗುತ್ತದೆ, ‘ಸಂಭವ’ ಎಂಬುದು ‘ಬೀಸಲಿದೆ’ ಎಂಬ ಖಚಿತ ಕ್ರಿಯಾಪದವಾಗುತ್ತದೆ. ನೂರಕ್ಕೆ ಹದಿನೈದಾಗಿದ್ದ ಮಾತು ನೂರಕ್ಕೆ ನೂರಾಗುತ್ತದೆ. ಮಾರನೆಯ ಬೆಳಿಗ್ಗೆ ಹೊಂಬಳದಲ್ಲಿ ಎಂದಿನಂತೆಯೇ ಚಳಿ ಇದ್ದರೆ, “ಹವಾಮಾನದವರು ಹೇಳಿದ್ದು ಎಂದಾದರೂ ಖರೇ ಆಗೈತೇನು?” ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತದೆ. ಹೇಳಿದವರೊಬ್ಬರು, ಕೇಳಿಸಿದವರೊಬ್ಬರು, ನಂಬಿಕೆ ಕಳೆದುಕೊಂಡವರು ಮತ್ತೊಬ್ಬರು.

ಬಣ್ಣದ ಸಂಕೇತಗಳಿಗೂ ಇದೇ ಗತಿ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಹಳದಿಯನ್ನೂ ಕೆಂಪನ್ನೂ ಒಂದೇ ದನಿಯಲ್ಲಿ ಕೂಗಿ ಹೇಳಿದರೆ, ನಿಜವಾದ ಕೆಂಪು ಬಂದ ದಿನ ಯಾರೂ ಕಿವಿಗೊಡುವುದಿಲ್ಲ.

ಒಂದು ಪದ, ತಪ್ಪು ಭೌತವಿಜ್ಞಾನ

ಇಲಾಖೆ ಬಳಸುವ ಇಂಗ್ಲಿಷ್ ಪದಕ್ಕೆ ನೇರವಾದ ಕನ್ನಡ ‘ಶೀತ ಅಲೆ’. ಅಲೆ ಎಂದರೆ ಇಲ್ಲಿ ಬಂದು ಹೋಗುವ ಒಂದು ಅವಧಿ ಎಂದಷ್ಟೇ ಅರ್ಥ. ಆದರೆ ಪತ್ರಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪದಗಳು ‘ಶೀತಗಾಳಿ’ ಮತ್ತು ‘ಶೀತಮಾರುತ’. ಕೇಳಲು ಸೊಗಸಾಗಿವೆ. ಆದರೆ ಮೂಲದಲ್ಲಿ ಇಲ್ಲದ ಗಾಳಿಯನ್ನು ಇವು ತಂದು ಸೇರಿಸುತ್ತವೆ. ಇದು ಬರಿಯ ಪದಗಳ ಜಗಳವಲ್ಲ. ದಖನ್ನಿನ ಬಯಲಿನಲ್ಲಿ ಅತಿ ಚಳಿಯ ರಾತ್ರಿಗಳು ಸಾಮಾನ್ಯವಾಗಿ ಗಾಳಿ ನಿಂತ ರಾತ್ರಿಗಳೇ ಆಗಿರುತ್ತವೆ.

ಏಕೆಂದು ನೋಡೋಣ. ಸೂರ್ಯ ಮುಳುಗಿದ ಮೇಲೆ ನೆಲ ಅವಕೆಂಪು ವಿಕಿರಣದ ಮೂಲಕ ಉಷ್ಣವನ್ನು ಕಳೆದುಕೊಳ್ಳುತ್ತದೆ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಂತೆ 12 ಡಿಗ್ರಿ ಸೆಲ್ಸಿಯಸ್ ತಾಪದ, ಅಂದರೆ 285 ಕೆಲ್ವಿನ್‌ನ ನೆಲ ಚದರ ಮೀಟರಿಗೆ ಸುಮಾರು 374 ವ್ಯಾಟ್ ವಿಕಿರಣವನ್ನು ಹೊರಸೂಸುತ್ತದೆ. ವಾತಾವರಣದಲ್ಲಿನ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಒಂದಷ್ಟನ್ನು ನೆಲಕ್ಕೆ ಹಿಂದಿರುಗಿಸುತ್ತವೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ, ನೆಲದ ಬಳಿಯ ಗಾಳಿಯ ತಾಪ 14 ಡಿಗ್ರಿ ಇದ್ದಾಗ, ಹೀಗೆ ಹಿಂದಿರುಗುವುದು ಸುಮಾರು 288 ವ್ಯಾಟ್. ನಿವ್ವಳ ನಷ್ಟ 86 ವ್ಯಾಟ್. ಹನ್ನೆರಡು ಗಂಟೆಗಳಲ್ಲಿ ಇದು ಚದರ ಮೀಟರಿಗೆ 37 ಲಕ್ಷ ಜೂಲ್ ಆಗುತ್ತದೆ.

ಈ ನಷ್ಟವನ್ನೆಲ್ಲ ನೆಲದ ಮೇಲಿನ 100 ಮೀಟರ್ ಎತ್ತರದ ಗಾಳಿಯೇ ಭರಿಸಬೇಕಾದರೆ ಏನಾಗುತ್ತಿತ್ತು? ಗದಗದ ಎತ್ತರದಲ್ಲಿ ಅಂಥ ಒಂದು ಕಂಬದಲ್ಲಿ ಚದರ ಮೀಟರಿಗೆ ಸುಮಾರು 110 ಕಿ.ಗ್ರಾಂ. ಗಾಳಿ ಇರುತ್ತದೆ. ಅದರ ತಾಪ ಒಂದು ಡಿಗ್ರಿ ಇಳಿಯಲು 1.1 ಲಕ್ಷ ಜೂಲ್ ಹೊರಹೋದರೆ ಸಾಕು. ಅಂದರೆ ಬೆಳಗಾಗುವಷ್ಟರಲ್ಲಿ ತಾಪ 33 ಡಿಗ್ರಿಗಿಂತಲೂ ಹೆಚ್ಚು ಇಳಿಯಬೇಕಿತ್ತು. ಹಾಗೆ ಆಗುವುದಿಲ್ಲ. ನಷ್ಟದ ದೊಡ್ಡ ಪಾಲನ್ನು ಮಣ್ಣು ತನ್ನ ಒಡಲಿನಿಂದ ತುಂಬಿಕೊಡುತ್ತದೆ. ಹಸಿ ಮಣ್ಣು ಉಷ್ಣವನ್ನು ಚೆನ್ನಾಗಿ ವಹಿಸುತ್ತದೆ, ಉತ್ತಿ ಬಿಟ್ಟ ಒಣ ಮಣ್ಣು ವಹಿಸುವುದಿಲ್ಲ. ಆದ್ದರಿಂದಲೇ ನೀರು ಹಾಯಿಸಿದ ಹೊಲಕ್ಕೂ ಪಕ್ಕದ ಒಣ ಎರೆ ಹೊಲಕ್ಕೂ ಬೆಳಗಿನ ಜಾವ ತಾಪದಲ್ಲಿ ವ್ಯತ್ಯಾಸ ಕಾಣುತ್ತದೆ. ಚಳಿ ಹೆಚ್ಚುವ ಸೂಚನೆ ಇದ್ದಾಗ ಸಂಜೆ ತೆಳುವಾಗಿ ನೀರು ಹಾಯಿಸಿರಿ ಎಂದು ಕೃಷಿ ತಜ್ಞರು ಹೇಳುವುದರ ಹಿಂದಿರುವುದು ಇದೇ ಕಾರಣ.

ಗಾಳಿ ಇಲ್ಲಿ ಮಾಡುವ ಕೆಲಸವೇನು? ನೆಲಕ್ಕೆ ತಾಗಿದ ಗಾಳಿ ಮೊದಲು ತಣಿಯುತ್ತದೆ. ತಣಿದದ್ದು ಭಾರವಾಗುವುದರಿಂದ ಅಲ್ಲೇ ಉಳಿಯುತ್ತದೆ. ಎತ್ತರಕ್ಕೆ ಹೋದಂತೆ ತಾಪ ಇಳಿಯುವ ಬದಲು ಏರುತ್ತದೆ. ಇದೇ ತಾಪ ವಿಪರ್ಯಯ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಪದರ ಕೆಳಗಿನ ತಣ್ಣನೆಯ ಪದರದೊಂದಿಗೆ ಬೆರೆಯುತ್ತದೆ, ಕನಿಷ್ಠ ತಾಪ ಅಷ್ಟು ಕೆಳಗೆ ಇಳಿಯುವುದಿಲ್ಲ. ಚಳಿಗಾಲದ ಮುಂಜಾನೆ ಒಲೆಯ ಹೊಗೆ ಮೇಲೇರದೆ ಊರಿನ ಮೇಲೆ ಹಾಸಿದಂತೆ ನಿಂತಿರುವುದನ್ನು ನಮ್ಮ ಭಾಗದವರೆಲ್ಲ ನೋಡಿದ್ದಾರೆ. ಅದು ವಿಪರ್ಯಯದ ಕಣ್ಣಿಗೆ ಕಾಣುವ ಪುರಾವೆ. ಅದೇ ಹೊತ್ತಿನಲ್ಲಿ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ತಿರುಗುತ್ತಿರಬಹುದು. ನೆಲದ ಬಳಿಯ ಪದರವೂ ಎತ್ತರದ ಪದರವೂ ಆಗ ಒಂದಕ್ಕೊಂದು ಸಂಬಂಧ ಕಡಿದುಕೊಂಡಂತೆ ಇರುತ್ತವೆ.

ಇದು ಹೊಸ ಜ್ಞಾನವೇನೂ ಅಲ್ಲ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯ ಕುರಿತ ತನ್ನ ಪ್ರಬಂಧವನ್ನು 1814ರಲ್ಲಿ ಪ್ರಕಟಿಸಿದ. ನಿರಭ್ರವಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಹುಲ್ಲಿನ ತಾಪ ಅದರ ಮೇಲಿನ ಗಾಳಿಯ ತಾಪಕ್ಕಿಂತ ಕೆಳಗಿಳಿಯುತ್ತದೆ, ಆ ತಣಿವಿನಿಂದಲೇ ಇಬ್ಬನಿ ಮೂಡುತ್ತದೆ ಎಂದು ಅವನು ತಾಪಮಾಪಕಗಳನ್ನಿಟ್ಟು ತೋರಿಸಿದ. ಮರದ ಕೆಳಗೆ ಇಬ್ಬನಿ ಕಡಿಮೆ ಏಕೆ ಎಂಬುದಕ್ಕೂ ಇದೇ ಉತ್ತರ. ಮರದ ಎಲೆಗಳು ಆಕಾಶವನ್ನು ಮರೆಮಾಡಿ ತಮ್ಮ ವಿಕಿರಣವನ್ನು ನೆಲಕ್ಕೆ ಕಳಿಸುತ್ತವೆ.

ಹಾಗಾದರೆ ಗಾಳಿಗೆ ಪಾತ್ರವೇ ಇಲ್ಲವೇ? ಇದೆ. ಉತ್ತರದ ಮತ್ತು ಈಶಾನ್ಯದ ಒಣಗಾಳಿ ಕೆಲವು ದಿನಗಳ ಕಾಲ ಹರಿದು ಬಂದು ನಮ್ಮ ಮೇಲಿನ ನೀರಾವಿಯನ್ನು ಕಡಿಮೆ ಮಾಡುತ್ತದೆ. ಆಕಾಶದಿಂದ ಹಿಂದಿರುಗುವ ವಿಕಿರಣ ಆಗ ತಗ್ಗುತ್ತದೆ. ಆದರೆ ಹಿಮಾಲಯದ ಹಿಮದ ಮೇಲಿನ ಗಾಳಿ ಹಾಗೆಯೇ ಬಂದು ನಮ್ಮನ್ನು ಮುಟ್ಟುತ್ತದೆ ಎಂಬ ಚಿತ್ರ ಸರಿಯಲ್ಲ. ಕೆಳಗಿಳಿಯುವ ಒಣಗಾಳಿ ಒತ್ತಡ ಹೆಚ್ಚಾಗುವುದರಿಂದ ಕಿ.ಮೀ.ಗೆ 9.8 ಡಿಗ್ರಿಯಂತೆ ಬಿಸಿಯಾಗುತ್ತದೆ. 3 ಕಿ.ಮೀ. ಎತ್ತರದಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದ ಗಾಳಿ 0.6 ಕಿ.ಮೀ. ಎತ್ತರಕ್ಕೆ ಇಳಿದರೆ, ಬೇರೆ ಯಾವ ಬದಲಾವಣೆಯೂ ಇಲ್ಲದಿದ್ದರೂ ಅದರ ತಾಪ ಸುಮಾರು 18 ಡಿಗ್ರಿಗೆ ಬರುತ್ತದೆ. ನಮ್ಮ ಬೆಳಗಿನ ಚಳಿ ಬಹುಮಟ್ಟಿಗೆ ನಮ್ಮ ನೆಲದ ಮೇಲೆಯೇ ತಯಾರಾದದ್ದು.

ತಪ್ಪು ಪದದಿಂದ ಆಗುವ ಅಪಾಯ

ಪದ ತಪ್ಪಾದರೆ ಏನಂತೆ, ಚಳಿ ಚಳಿಯೇ ಅಲ್ಲವೇ ಎಂದು ಕೇಳಬಹುದು. ಜನ ಪದವನ್ನು ಕೇಳಿಯೇ ರಕ್ಷಣೆಯ ಉಪಾಯ ಹೂಡುತ್ತಾರೆ. ಗಾಳಿ ಬರುತ್ತದೆ ಎಂದರೆ ಗಾಳಿಯಿಂದ ಮರೆಯಾಗಲು ನೋಡುತ್ತಾರೆ. ಎರಡು ಉದಾಹರಣೆಗಳನ್ನು ಗಮನಿಸಿರಿ.

ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಹಿಂಡು ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಕುರಿಗಾಹಿಗಳು ಮರಿಗಳೊಂದಿಗೆ ಬಯಲಿನಲ್ಲಿಯೇ ರಾತ್ರಿ ಕಳೆಯುತ್ತಾರೆ. ಶೀತಗಾಳಿ ಎಂದು ಕೇಳಿದವನು ಗಾಳಿಯ ಮರೆ ಹುಡುಕಿ ಹಳ್ಳದ ತಗ್ಗಿಗೆ ಇಳಿಯುವುದು ಸಹಜ. ಆದರೆ ಗಾಳಿ ನಿಂತ ರಾತ್ರಿಯಲ್ಲಿ ತಣಿದು ಭಾರವಾದ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿಯೇ ತುಂಬಿಕೊಳ್ಳುತ್ತದೆ. ಅಂಥ ರಾತ್ರಿ ತುಸು ಎತ್ತರದ ಜಾಗವೇ ವಾಸಿ, ಮರದ ಅಡಿಯಾದರೆ ಇನ್ನೂ ವಾಸಿ. ಮೋಡ ಕವಿದು ಗಾಳಿ ಬೀಸುವ ರಾತ್ರಿಯಾದರೆ ಮಾತ್ರ ತಗ್ಗು ಮತ್ತು ಬೇಲಿಯ ಮರೆ ಉಪಯೋಗಕ್ಕೆ ಬರುತ್ತವೆ. ಎರಡು ಬಗೆಯ ರಾತ್ರಿಗೆ ಎರಡು ವಿರುದ್ಧ ಸಲಹೆ. ಅನುಭವಿ ಕುರಿಗಾಹಿಗೆ ಇದು ಗೊತ್ತಿರುತ್ತದೆ. ಮೊಬೈಲಿನಲ್ಲಿ ಬಂದ ಎಚ್ಚರಿಕೆ ಅವನ ಅನುಭವಕ್ಕೆ ವಿರುದ್ಧವಾಗಿ ಮಾತಾಡಬಾರದು.

ಎರಡನೆಯದು ಇನ್ನೂ ಗಂಭೀರ. ಗಾಳಿ ಒಳಗೆ ನುಗ್ಗಬಾರದೆಂದು ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಸಂದುಗಳಿಗೆ ಬಟ್ಟೆ ತುರುಕಿ, ಕೋಣೆಯೊಳಗೆ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗುವವರಿದ್ದಾರೆ. ಆಮ್ಲಜನಕ ಸಾಲದೆ ಉರಿಯುವ ಇದ್ದಿಲು ಇಂಗಾಲದ ಮೊನಾಕ್ಸೈಡನ್ನು ಉತ್ಪಾದಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಚಳಿಗಾಲದಲ್ಲಿ ಇಂಥ ಸಾವುಗಳ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ನಮ್ಮ ಬಯಲಿನ 9 ಅಥವಾ 10 ಡಿಗ್ರಿ ತಾಪದಲ್ಲಿ ಮನೆಯೊಳಗಿರುವ ಆರೋಗ್ಯವಂತನಿಗೆ ಒಂದು ಕೌದಿ, ಒಂದು ಕಂಬಳಿ ಸಾಕು. ಆ ಚಳಿಯಿಂದ ಬದುಕಿಕೊಳ್ಳುವವನು ಕೆಂಡದ ಹೊಗೆಯಿಂದ ಸಾಯಬಾರದು. ಶೀತ ಅಲೆಯ ಪ್ರತಿ ಎಚ್ಚರಿಕೆಯ ಕೊನೆಯಲ್ಲಿಯೂ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿರಿ ಎಂಬ ಒಂದು ಸಾಲು ದಪ್ಪ ಅಕ್ಷರದಲ್ಲಿ ಇರಲೇಬೇಕು.

ಎರಡು ಬಗೆಯ ಚಳಿ

ಗಾಳಿಯೊಡನೆ ಬರುವ ಚಳಿ ನಮ್ಮಲ್ಲಿ ಇಲ್ಲವೆಂದಲ್ಲ. ಅದು ಬೇರೆ ಬಗೆಯದು, ಹಗಲಿನದು. ಡಿಸೆಂಬರ್ 2022ರಲ್ಲಿ ‘ಮ್ಯಾಂಡಸ್’ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಬಳಿ ದಡ ಸೇರಿದಾಗ ಬೆಂಗಳೂರಿನವರು ಹಗಲಿಡೀ ನಡುಗಿದರು. ದಟ್ಟ ಮೋಡ, ತುಂತುರು ಮಳೆ, ಗಾಳಿ. ಆಗ ಗರಿಷ್ಠ ತಾಪ ಇಳಿಯುತ್ತದೆ. ಮೋಡ ಹೊದಿಕೆಯಂತೆ ಇರುವುದರಿಂದ ಕನಿಷ್ಠ ತಾಪ ಅಷ್ಟಾಗಿ ಇಳಿಯುವುದಿಲ್ಲ. ಶೀತ ಅಲೆಯಲ್ಲಿ ಇದಕ್ಕೆ ತದ್ವಿರುದ್ಧ: ಹಗಲು ಬಿಸಿಲು ಚೆನ್ನಾಗಿರುತ್ತದೆ, ರಾತ್ರಿ ಕೊರೆಯುತ್ತದೆ. ಇಲಾಖೆ ಈ ಭೇದವನ್ನು ಮನ್ನಿಸಿ ‘ಶೀತ ಅಲೆ’ ಮತ್ತು ‘ಶೀತ ದಿನ’ ಎಂಬ ಎರಡು ಬೇರೆ ವರ್ಗಗಳನ್ನು ಇಟ್ಟಿದೆ. ಸುದ್ದಿಯಲ್ಲಿ ಎರಡೂ ‘ಶೀತಗಾಳಿ’ಯೇ.

ಗಾಳಿ ಬೀಸಿದಾಗ ಹೆಚ್ಚು ಚಳಿ ಅನ್ನಿಸುವುದು ನಿಜ. ಮೈಗೆ ತಾಗಿದ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಅದು ಒರೆಸಿಕೊಂಡು ಹೋಗುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕದಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗಿನ ನೀರು ಹೆಪ್ಪುಗಟ್ಟುವ ಕಾಲವನ್ನು ಅಳೆದು 1945ರಲ್ಲಿ ಇದಕ್ಕೊಂದು ಸೂಚ್ಯಂಕ ಕೊಟ್ಟರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಬಳಕೆಗೆ ತಂದ ಪರಿಷ್ಕೃತ ಸೂತ್ರದಂತೆ 10 ಡಿಗ್ರಿ ತಾಪದಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಳಿ ಇದ್ದರೆ ‘ಅನಿಸುವ ತಾಪ’ 7.4 ಡಿಗ್ರಿ. ಅದೇ ತಾಪದಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೋಟಾರ್ ಸೈಕಲ್ ಓಡಿಸುವವನಿಗೆ 5.5 ಡಿಗ್ರಿ. ಎರಡು ವಿಷಯಗಳನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಒಂದು, ಈ ಸೂತ್ರ 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ತಾಪಕ್ಕೆ ಮಾತ್ರ ಅನ್ವಯ. ನಮ್ಮ ಊರುಗಳ ಸಾಮಾನ್ಯ ಚಳಿಗೆ ಅದನ್ನು ಹಚ್ಚುವಂತಿಲ್ಲ. ಎರಡು, ಅದು ಮೈ ಉಷ್ಣ ಕಳೆದುಕೊಳ್ಳುವ ದರದ ಸೂಚಕ, ತಾಪಮಾಪಕದ ಓದು ಅಲ್ಲ. ಎಷ್ಟೇ ಗಾಳಿ ಬೀಸಿದರೂ ಒಣಗಿದ ಕಲ್ಲು ಸುತ್ತಲಿನ ಗಾಳಿಗಿಂತ ತಣ್ಣಗಾಗದು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಆವಿಯಾಗುವಿಕೆಯಿಂದ. ಅದು ಬೇರೆ ಲೆಕ್ಕ. ಮೊಬೈಲಿನಲ್ಲಿ ಕಾಣುವ ಅನಿಸುವ ತಾಪವನ್ನು ‘ದಾಖಲೆಯ ಉಷ್ಣಾಂಶ’ ಎಂದು ಅಚ್ಚು ಹಾಕುವುದು ತಪ್ಪು.

ಇನ್ನು ಹಿಮದ ಮಾತು

ಚಳಿಗಾಲದಲ್ಲಿ ದಖನ್ನಿನ ಮೇಲೆ ಸೊನ್ನೆ ಡಿಗ್ರಿಯ ಮಟ್ಟ ಇರುವುದು ಸಮುದ್ರಮಟ್ಟದಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ. ಆ ಮಟ್ಟದಿಂದ ಕೆಳಗೆ ಬಿದ್ದ ಹಿಮದ ಹಳಕು ಕೆಲವು ನೂರು ಮೀಟರುಗಳೊಳಗೆ ಕರಗಿ ಮಳೆಹನಿಯಾಗುತ್ತದೆ. ಹೊಂಬಳದ ನೆಲ ಮುಟ್ಟಲು ಅದು ಸುಮಾರು ನಾಲ್ಕು ಕಿ.ಮೀ. ದಪ್ಪದ ಬೆಚ್ಚನೆಯ ಗಾಳಿಯನ್ನು ದಾಟಬೇಕು. ಗದಗಕ್ಕಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪ 7.8 ಡಿಗ್ರಿ. ಅದು 1884ರ ಜನವರಿ 13ರಂದು. ಸೊನ್ನೆಯಿಂದ ಅದೂ ಬಹು ದೂರ.

ಹಾಗಿದ್ದರೂ ಹಿಮದ ಸುದ್ದಿಗಳು ಹುಟ್ಟುವುದು ಮೂರು ಕಡೆಯಿಂದ. ಮೊದಲನೆಯದು ಆಲಿಕಲ್ಲು. ಫೆಬ್ರವರಿ-ಮಾರ್ಚ್ 2014ರಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಭಾರಿ ಆಲಿಕಲ್ಲು ಬಿದ್ದು ಬೆಳೆ ನೆಲಕಚ್ಚಿತು. ಬಿಳಿಯ ಹಾಸು ಕಂಡವರು ಕಾಶ್ಮೀರವೆಂದರು. ಆದರೆ ಆಲಿಕಲ್ಲು ಹುಟ್ಟುವುದು ಗುಡುಗುಮೋಡದ ಒಳಗಿನ ಬಲವಾದ ಏರುಗಾಳಿಯಿಂದ. ನೆಲ ಕಾದಿರುವ ಕಾಲದಲ್ಲಿಯೇ ಅದು ಹೆಚ್ಚು. ಗಾತ್ರ ಮತ್ತು ವೇಗ ಹೆಚ್ಚಾದ್ದರಿಂದ ಅದು ಕರಗುವ ಮುನ್ನ ನೆಲ ಮುಟ್ಟುತ್ತದೆ. ಎರಡನೆಯದು ಊಟಿಯ ಚಿತ್ರಗಳು. ಅಲ್ಲಿ ಡಿಸೆಂಬರ್-ಜನವರಿಯಲ್ಲಿ ಹುಲ್ಲಿನ ಮೇಲೆ ಕಾಣುವ ಬಿಳುಪು ಮೇಲಿನಿಂದ ಬಿದ್ದದ್ದಲ್ಲ, ನೆಲದ ಮೇಲೆಯೇ ಹೆಪ್ಪುಗಟ್ಟಿದ ಇಬ್ಬನಿ. ಮೂರನೆಯದು ನಮ್ಮ ಭಾಷೆಯ ಸಡಿಲಿಕೆ. ‘ಮಂಜು’ ಎಂಬ ಒಂದೇ ಪದ ದಟ್ಟಣೆಯ ಮುಸುಕಿಗೂ ಇಬ್ಬನಿಗೂ ಹಿಮಕ್ಕೂ ಬಳಕೆಯಾಗುತ್ತಿದೆ. ಪಾಠ ಹೇಳುವಾಗಲಾದರೂ ನೋಟ ಒಂದು ಕಿ.ಮೀ.ಗಿಂತ ಕಡಿಮೆಯಾಗುವ ಮುಸುಕಿಗೆ ಮಂಜು, ನೀರ ಹನಿಗೆ ಇಬ್ಬನಿ, ಮೋಡದಿಂದ ಬೀಳುವ ಹರಳಿಗೆ ಹಿಮ ಎಂದು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಮಾನದಂಡ ನಮ್ಮ ಅಳತೆಗೆ ಹೊಲಿದದ್ದೇ?

ಇಲ್ಲಿಯವರೆಗೆ ಮಾಧ್ಯಮದ ಮಾತಾಯಿತು. ಈಗ ಇಲಾಖೆಯ ಮಾನದಂಡವನ್ನೂ ನೋಡೋಣ. ಬಯಲು ಪ್ರದೇಶದ ಕೇಂದ್ರವೊಂದರಲ್ಲಿ ಕನಿಷ್ಠ ತಾಪ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಇದು ಮೊದಲ ಬಾಗಿಲು. ಆ ಬಳಿಕ ಅದು ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆ ಇದ್ದರೆ ಶೀತ ಅಲೆ, 6.4ಕ್ಕಿಂತ ಹೆಚ್ಚು ಇಳಿದರೆ ತೀವ್ರ ಶೀತ ಅಲೆ. ಇದಲ್ಲದೆ ವಾಡಿಕೆ ಏನೇ ಇರಲಿ, 4 ಡಿಗ್ರಿಗೆ ಇಳಿದರೆ ಶೀತ ಅಲೆ, 2 ಡಿಗ್ರಿಗೆ ಇಳಿದರೆ ತೀವ್ರ. ಕರಾವಳಿಗೆ ಮೊದಲ ಬಾಗಿಲು 15 ಡಿಗ್ರಿ. ಹವಾಮಾನ ಉಪವಿಭಾಗವೊಂದರಲ್ಲಿ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಹೀಗಿದ್ದರೆ ಎರಡನೆಯ ದಿನ ಘೋಷಣೆ.

ಇದನ್ನು ಗದಗಕ್ಕೆ ಹಚ್ಚಿ ನೋಡಿರಿ. ಜನವರಿಯ ವಾಡಿಕೆ ಕನಿಷ್ಠ ತಾಪವನ್ನು ಲೆಕ್ಕಕ್ಕಾಗಿ 16 ಡಿಗ್ರಿ ಎಂದಿಟ್ಟುಕೊಳ್ಳೋಣ. ತಾಪ 11ಕ್ಕೆ ಇಳಿಯಿತು. ವಾಡಿಕೆಗಿಂತ 5 ಡಿಗ್ರಿ ಕಡಿಮೆ. ಜನ ನಡುಗುತ್ತಾರೆ, ಆದರೆ ಮೊದಲ ಬಾಗಿಲು ತೆರೆದಿಲ್ಲವಾದ್ದರಿಂದ ಶೀತ ಅಲೆ ಇಲ್ಲ. 10ಕ್ಕೆ ಇಳಿದಾಗ ಬಾಗಿಲು ತೆರೆಯುತ್ತದೆ. 9.6ರ ಕೆಳಗೆ ಹೋದರೆ ಆಗಲೇ ‘ತೀವ್ರ’. ಅಂದರೆ ‘ಶೀತ ಅಲೆ’ ಎಂಬ ದರ್ಜೆಗೆ ಉಳಿಯುವ ಜಾಗ ಬರೇ 0.4 ಡಿಗ್ರಿ! ವಾಡಿಕೆ 17 ಡಿಗ್ರಿ ಇರುವ ಊರಿನಲ್ಲಿ ಬಾಗಿಲು ತೆರೆದ ಕ್ಷಣವೇ ಇಳಿಕೆ 7 ಡಿಗ್ರಿಯಾಗಿರುತ್ತದೆ. ಅಲ್ಲಿ ಮೊದಲ ದರ್ಜೆಯೇ ಇಲ್ಲ, ನೇರವಾಗಿ ತೀವ್ರ. ವಾಡಿಕೆ 14 ಡಿಗ್ರಿ ಇರುವಲ್ಲಿ ಮಾತ್ರ 9.5ರಿಂದ 7.6ರವರೆಗೆ ಅರ್ಥಪೂರ್ಣವಾದ ಅಂತರ ಸಿಗುತ್ತದೆ. ಉತ್ತರ ಭಾರತದ ಬಯಲಿಗೆ ಹೊಂದುವ ಅಳತೆ ಇದು. ಕರಾವಳಿಗೆ ಬೇರೆ ಅಂಗಿ ಹೊಲಿದಿದ್ದಾರೆ, ನಡುವಿನ ಒಳನಾಡಿಗೆ ಹೊಲಿದಿಲ್ಲ.

ಇದರ ಜೊತೆಗೆ ಉಪವಿಭಾಗದ ತೊಡಕು. ಉತ್ತರ ಒಳನಾಡು ಎಂಬ ಉಪವಿಭಾಗ ಬೀದರದಿಂದ ಹಾವೇರಿಯವರೆಗೆ ಮೂರು ಅಕ್ಷಾಂಶಗಳಷ್ಟು ಹರಡಿದೆ. ಬೀದರ ಮತ್ತು ವಿಜಯಪುರದ ಎರಡು ಕೇಂದ್ರಗಳು ಮಾನದಂಡ ಮುಟ್ಟಿದರೆ ಇಡೀ ಉಪವಿಭಾಗದ ಹೆಸರು ಸುದ್ದಿಯಾಗುತ್ತದೆ. ಹೊಂಬಳದವನು ತನಗೆ ಸಂಬಂಧಿಸದ ಎಚ್ಚರಿಕೆಯನ್ನು ಕೇಳುತ್ತಾನೆ, ಸಂಬಂಧಿಸಿದ 11 ಡಿಗ್ರಿಯ ಬೆಳಗಿನ ಬಗ್ಗೆ ಯಾರೂ ಹೇಳುವುದಿಲ್ಲ. ಪ್ರತಿ ಕೇಂದ್ರದ ಹಳೆಯ ದಾಖಲೆಗಳಿಂದ ಆಯಾ ದಿನಾಂಕದ ಅತಿ ಚಳಿಯ ಶೇ. 5ರಷ್ಟು ರಾತ್ರಿಗಳ ಮಿತಿಯನ್ನು ಲೆಕ್ಕ ಹಾಕಿ ಅದನ್ನು ಸ್ಥಳೀಯ ಮಾನದಂಡವಾಗಿ ಇಟ್ಟುಕೊಂಡರೆ ಈ ತೊಡಕು ಬಹುಪಾಲು ನೀಗುತ್ತದೆ.

ಅಳತೆಯ ಉಪಕರಣಗಳನ್ನೂ ಬೆರಸಬಾರದು. ಹವಾಮಾನ ಇಲಾಖೆಯ ಕೇಂದ್ರದಲ್ಲಿ ತಾಪಮಾಪಕ ಸ್ಟೀವನ್‌ಸನ್ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಇರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಕೇಂದ್ರಗಳನ್ನು ಸ್ಥಾಪಿಸಿದೆ. ಸ್ಥಳೀಯ ಮಾಹಿತಿಗೆ ಇವು ಅಮೂಲ್ಯ. ಆದರೆ ಅವುಗಳ ಓದನ್ನು ನೂರು ವರ್ಷದ ಹಳೆಯ ವೀಕ್ಷಣಾಲಯದ ದಾಖಲೆಯೊಡನೆ ಹೋಲಿಸಿ ‘ಶತಮಾನದ ಚಳಿ’ ಎನ್ನುವುದು ಎರಡು ಬೇರೆ ಸೇರುಗಳಿಂದ ಅಳೆದ ಜೋಳವನ್ನು ಒಂದೇ ಲೆಕ್ಕಕ್ಕೆ ಬರೆದಂತೆ.

ಋತುವಿನ ಭವಿಷ್ಯ

2024ರ ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೊಂದು ಬಗೆಯ ಸುದ್ದಿ ಹಬ್ಬಿತ್ತು. ಪೆಸಿಫಿಕ್ ಸಾಗರದಲ್ಲಿ ‘ಲಾ ನಿನಾ’ ಮೂಡಲಿದೆ, ಆದ್ದರಿಂದ ಭಾರತದಲ್ಲಿ ಈ ಸಲ ಘೋರ ಚಳಿಗಾಲ ಎಂದು. ಲಾ ನಿನಾ ತಡವಾಗಿ, ದುರ್ಬಲವಾಗಿ ಬಂದಿತು. ಹವಾಮಾನ ಇಲಾಖೆಯು ಡಿಸೆಂಬರ್ 2024ರ ಆರಂಭದಲ್ಲಿ ಕೊಟ್ಟ ಋತು ಮುನ್ನೋಟದಲ್ಲಿ ದೇಶದ ಬಹುಭಾಗದಲ್ಲಿ ಕನಿಷ್ಠ ತಾಪ ವಾಡಿಕೆಗಿಂತ ಹೆಚ್ಚಿರಬಹುದು, ಶೀತ ಅಲೆಯ ದಿನಗಳು ಕಡಿಮೆಯಾಗಬಹುದು ಎಂದಿತ್ತು. ಫಲಿತಾಂಶ ಹೀಗಾಯಿತು: 1901ರಿಂದೀಚಿನ ದಾಖಲೆಯಲ್ಲಿ ಜನವರಿ 2025 ದೇಶದ ಮೂರನೆಯ ಅತಿ ಬೆಚ್ಚನೆಯ ಜನವರಿ, ಫೆಬ್ರವರಿ 2025 ಎಲ್ಲಕ್ಕಿಂತ ಬೆಚ್ಚನೆಯ ಫೆಬ್ರವರಿ. ಕಡಲೆ, ಗೋಧಿ ಬೆಳೆಯುವ ರೈತನಿಗೆ ಆ ವರ್ಷ ಬೇಕಿದ್ದ ಎಚ್ಚರಿಕೆ ಬೇಗ ಬರುವ ಬಿಸಿಲಿನದು. ತಲೆಬರಹಗಳು ಅವನಿಗೆ ಚಳಿಯ ಕಥೆ ಹೇಳಿದವು. ಲಾ ನಿನಾಕ್ಕೂ ನಮ್ಮ ಚಳಿಗೂ ಇರುವ ಸಂಬಂಧ ಒಲವಿನ ಮಟ್ಟದ್ದು, ಕಾರಣ-ಕಾರ್ಯದ ಖಚಿತ ಸರಪಳಿಯಲ್ಲ. ಋತುವಿನ ಸರಾಸರಿ ಬೆಚ್ಚಗಿದ್ದರೂ ನಡುವೆ ನಾಲ್ಕು ಕೊರೆಯುವ ರಾತ್ರಿಗಳು ಬರಬಹುದು ಎಂಬುದನ್ನೂ ಮರೆಯಬಾರದು.

ಒರೆಗಲ್ಲು

ಕೊನೆಯ ಪ್ರಶ್ನೆ: ಮುನ್ಸೂಚನೆ ಸರಿಯಾಯಿತೇ ಎಂದು ನೋಡುವುದು ಹೇಗೆ? ನೂರಕ್ಕೆ ಇಷ್ಟು ಸಲ ಸರಿ ಎಂಬ ಅಂಕಿ ಮೋಸಗೊಳಿಸಬಲ್ಲದು. ಅಮೆರಿಕದ ಜಾನ್ ಪಾರ್ಕ್ ಫಿನ್ಲೆ 1884ರಲ್ಲಿ ಸುಂಟರಗಾಳಿಯ ಕುರಿತು 2,803 ಮುನ್ಸೂಚನೆಗಳನ್ನು ಕೊಟ್ಟ. ಬರುತ್ತದೆ ಎಂದು ಹೇಳಿ ಬಂದದ್ದು 28, ಬರುತ್ತದೆ ಎಂದು ಬಾರದ್ದು 72, ಹೇಳದೆ ಬಂದದ್ದು 23, ಬರುವುದಿಲ್ಲ ಎಂದು ಬಾರದ್ದು 2,680. ಒಟ್ಟು ಶೇ. 96.6 ಸರಿ ಎಂದು ಅವನು ಹೆಮ್ಮೆಪಟ್ಟ. ಆದರೆ ಪ್ರತಿದಿನ ಕಣ್ಣುಮುಚ್ಚಿ ‘ಬರುವುದಿಲ್ಲ’ ಎಂದಿದ್ದರೂ ಶೇ. 98.2 ಸರಿಯಾಗುತ್ತಿತ್ತು ಎಂದು ಟೀಕಾಕಾರರು ತೋರಿಸಿದರು. ಭೂವಿಜ್ಞಾನಿ ಜಿ.ಕೆ. ಗಿಲ್ಬರ್ಟ್ ಸೂಚಿಸಿದ ಅಳತೆಯಂತೆ, ಯಾರೂ ಹೇಳದ ಮತ್ತು ನಡೆಯದ ದಿನಗಳನ್ನು ಬಿಟ್ಟರೆ, ಫಿನ್ಲೆಯ ಯಶಸ್ಸು 123ರಲ್ಲಿ 28, ಅಂದರೆ ಶೇ. 23. ಅಪರೂಪದ ಘಟನೆಯ ಮುನ್ಸೂಚನೆಯನ್ನು ಅಳೆಯುವುದು ಹೀಗೆ. ಗದಗದ ಶೀತ ಅಲೆಯೂ ಅಪರೂಪದ್ದೇ. ಪ್ರತಿ ವರ್ಷದ ಕೊನೆಗೆ ಜಿಲ್ಲಾವಾರು ಈ ನಾಲ್ಕು ಅಂಕಿಗಳು ಕನ್ನಡದಲ್ಲಿ ಅಚ್ಚಾಗಿ ಪತ್ರಿಕೆಗಳಿಗೂ ಶಾಲೆಗಳಿಗೂ ತಲುಪಬೇಕು.

ಅಲ್ಲಿಯವರೆಗೆ ಈ ಕೆಲಸವನ್ನು ಶಾಲೆಗಳೇ ಮಾಡಬಹುದು. ಬೇಕಾಗುವುದು ನಾಲ್ಕು ತಾಪಮಾಪಕಗಳು ಮತ್ತು ಒಂದು ನೋಟ್ ಪುಸ್ತಕ. ಮೊದಲು ನಾಲ್ಕನ್ನೂ ಒಂದೇ ಪಾತ್ರೆಯ ನೀರಿನಲ್ಲಿಟ್ಟು ಓದುಗಳ ವ್ಯತ್ಯಾಸ ಬರೆದುಕೊಳ್ಳಿ. ಒಂದನ್ನು ನೆಲದಿಂದ 1.2 ಮೀಟರ್ ಎತ್ತರದಲ್ಲಿ ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಬಯಲಿನ ಹುಲ್ಲಿನ ಮೇಲೆ, ಮೂರನೆಯದನ್ನು ಮರದಡಿಯ ಹುಲ್ಲಿನ ಮೇಲೆ, ನಾಲ್ಕನೆಯದನ್ನು ಹಳ್ಳದ ತಗ್ಗಿನಲ್ಲಿ ಇಡಿರಿ. ಡಿಸೆಂಬರ್ 1ರಿಂದ ಜನವರಿ 31ರವರೆಗೆ ಸೂರ್ಯೋದಯಕ್ಕೆ ಮುನ್ನ ಓದಿ ಬರೆಯಿರಿ. ಮೋಡ ಇತ್ತೇ, ಗಾಳಿ ಇತ್ತೇ, ಇಬ್ಬನಿ ಬಿದ್ದಿತ್ತೇ, ಹೊಗೆ ಏರಿತೇ ಅಥವಾ ಹಾಸಿ ನಿಂತಿತೇ ಎಂಬುದನ್ನೂ ಸೇರಿಸಿರಿ. ಪಕ್ಕದಲ್ಲಿ ಹಿಂದಿನ ದಿನದ ಮುನ್ಸೂಚನೆಯನ್ನು ಅದರ ಪೂರ್ಣ ಪದಗಳಲ್ಲಿ, ಜಿಲ್ಲೆ, ವ್ಯಾಪ್ತಿ, ಸಂಭವ ಮತ್ತು ಬಣ್ಣದ ಸಮೇತ ಬರೆದುಕೊಳ್ಳಿ. ಎರಡು ತಿಂಗಳಲ್ಲಿ 62 ಸಾಲುಗಳಾಗುತ್ತವೆ. ಗಾಳಿ ಬೀಸಿದ ರಾತ್ರಿಗಳ ಸರಾಸರಿಯನ್ನೂ ಗಾಳಿ ನಿಂತ ರಾತ್ರಿಗಳ ಸರಾಸರಿಯನ್ನೂ ಬೇರೆ ಬೇರೆ ತೆಗೆದು ಹೋಲಿಸಲು ವಿದ್ಯಾರ್ಥಿಗಳಿಗೇ ಹೇಳಿರಿ. ಬಳಿಕ ಫಿನ್ಲೆಯ ನಾಲ್ಕು ಮನೆಗಳ ಕೋಷ್ಟಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತುಂಬಿಸಿರಿ. ಇದನ್ನು ಮೂರು ಚಳಿಗಾಲ ಬಿಡದೆ ಮಾಡಿದ ಶಾಲೆಯ ಬಳಿ ತನ್ನ ಊರಿನ ಚಳಿಯ ಬಗ್ಗೆ ಯಾವ ವಾಹಿನಿಯ ಬಳಿಯೂ ಇಲ್ಲದ ಮಾಹಿತಿ ಇರುತ್ತದೆ.